ಪಾಂಪೆ ಕಾಯಿಲೆ: ಯೀಸ್ಟ್‌ನಲ್ಲಿ ತಯಾರಾಗುವ ಕಿಣ್ವಕ್ಕೆ ಕಾಯಬೇಕೇ?

ಗೋಣಿಬೀಡು ರೈಟರ್:

ನಾನು ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಓದಿದ್ದು ಪಿಯುಸಿ ವಿಜ್ಞಾನದವರೆಗೆ. ಅಕ್ಕನ ಮಗನಿಗೆ ಒಂಬತ್ತು ವರ್ಷ, ತೂಕ ಇಪ್ಪತ್ತೆರಡು ಕೆ.ಜಿ. ಅವನಿಗೆ ಪಾಂಪೆ ಕಾಯಿಲೆ ಇರುವುದು ಈಚೆಗೆ ಖಚಿತವಾಯಿತು. ನಮ್ಮ ಕಡೆ ಆ ಹೆಸರನ್ನು ಯಾರೂ ಕೇಳಿರಲಿಲ್ಲ.

ನೆಲದ ಮೇಲೆ ಕುಳಿತವನು ಏಳಬೇಕಾದರೆ ಮೊದಲು ಎರಡೂ ಅಂಗೈಗಳನ್ನು ನೆಲಕ್ಕೆ ಊರುತ್ತಾನೆ, ಆಮೇಲೆ ಮೊಣಕಾಲಿಗೆ, ಆಮೇಲೆ ತೊಡೆಗೆ. ಕಣದಿಂದ ಮನೆಗೆ ಹತ್ತುವ ಕಲ್ಲಿನ ಮೆಟ್ಟಿಲ ಬಳಿ ಬಂದರೆ ಪಕ್ಕದವರ ಹೆಗಲು ಹಿಡಿಯುತ್ತಾನೆ. ಶಾಲೆಯಲ್ಲಿ ಸೋಮಾರಿ ಎಂದು ಬೈಸಿಕೊಂಡ. ರಕ್ತ ಪರೀಕ್ಷೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಹೆಚ್ಚಾಗಿ ಬಂದಿದ್ದರಿಂದ ಬಹಳ ಕಾಲ ಕಾಮಾಲೆಯೆಂದು ಪಥ್ಯ, ಔಷಧಿ ನಡೆಯಿತು. ಕೊನೆಗೆ ಮಕ್ಕಳ ವೈದ್ಯರೊಬ್ಬರು ಸ್ನಾಯುವಿನ ಹಾನಿ ತೋರಿಸುವ ಸಿಪಿಕೆ ಎಂಬ ರಕ್ತ ಪರೀಕ್ಷೆ ಮಾಡಿಸಿದರು. ಏರಿರುವುದು ಯಕೃತ್ತಿನಿಂದಲ್ಲ, ಸ್ನಾಯುವಿನಿಂದ ಎಂದರು. ಕಾಗದದ ಮೇಲೆ ರಕ್ತದ ಚುಕ್ಕೆಗಳನ್ನು ಒಣಗಿಸಿ ಬೆಂಗಳೂರಿಗೆ ಕಳುಹಿಸಿದರು. ಆಸಿಡ್ ಆಲ್ಫಾ ಗ್ಲುಕೋಸಿಡೇಸ್ ಎಂಬ ಕಿಣ್ವ ತೀರಾ ಕಡಿಮೆ ಇದೆ ಎಂದು ವರದಿ ಬಂತು. ಅದಿಲ್ಲದೆ ಗ್ಲೈಕೋಜೆನ್ ಎಂಬ ಶೇಖರಿತ ಸಕ್ಕರೆ ಒಡೆಯದೆ ಸ್ನಾಯುಗಳಲ್ಲಿ ತುಂಬಿಕೊಳ್ಳುತ್ತದಂತೆ. ಜೀನ್ ಪರೀಕ್ಷೆಯೂ ಅದನ್ನೇ ಹೇಳಿತು. ಅಕ್ಕನನ್ನು ಕೊಟ್ಟಿರುವುದು ನಮ್ಮ ಸೋದರಮಾವನ ಮಗನಿಗೆ.

ಆ ಕಿಣ್ವವನ್ನು ಎರಡು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡಬೇಕು, ಜೀವನಪೂರ್ತಿ ಕೊಡಬೇಕು ಎಂದಿದ್ದಾರೆ. ಬೆಲೆ ಕೇಳಿದ ಭಾವ ಅವತ್ತಿನಿಂದ ಸರಿಯಾಗಿ ಮಾತನಾಡಿಲ್ಲ.

ರಾತ್ರಿ ಕುಳಿತು ಹುಡುಕಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಈಗಿನ ಔಷಧವನ್ನು ಚೈನೀಸ್ ಹ್ಯಾಮ್ಸ್ಟರ್ ಎಂಬ ಪುಟ್ಟ ಪ್ರಾಣಿಯ ಅಂಡಾಶಯದ ಕೋಶಗಳಲ್ಲಿ ತಯಾರಿಸುತ್ತಾರಂತೆ. ಅದೇ ಕಿಣ್ವವನ್ನು ಯೀಸ್ಟ್‌ನಲ್ಲಿ ತಯಾರಿಸಿ, ಈಗಿನದಕ್ಕಿಂತ ಚೆನ್ನಾಗಿ ಕೆಲಸ ಮಾಡುವಂತೆ ಮಾಡಿದ್ದೇವೆ ಎಂದು ಬೆಲ್ಜಿಯಂನ ವಿಜ್ಞಾನಿಗಳು 2012ರಲ್ಲೇ ಪ್ರಕಟಿಸಿದ್ದಾರೆ. ಯೀಸ್ಟ್ ನನಗೆ ಹೊಸದಲ್ಲ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆಯ ತೊಟ್ಟಿಯಲ್ಲಿ ಬೀಜದ ಅಂಟು ಬಿಡಿಸುವ ಕಿಣ್ವಗಳು ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳಿಂದಲೇ ಬರುತ್ತವೆ ಎಂದು ಕಾಫಿ ಮಂಡಳಿಯವರ ತರಬೇತಿಯಲ್ಲಿ ಕೇಳಿದ್ದೇನೆ. ಇನ್ಸುಲಿನ್ ಯೀಸ್ಟ್‌ನಲ್ಲಿ ಆಗುತ್ತದೆ, ಹೆಪಟೈಟಿಸ್ ಬಿ ಲಸಿಕೆ ಆಗುತ್ತದೆ. ಹಾಗಿದ್ದರೆ ಇದು ಮಾತ್ರ ಯಾಕೆ ಇನ್ನೂ ಬಂದಿಲ್ಲ? ಬಂದರೆ ಬೆಲೆ ಇಳಿಯುತ್ತದೆಯೇ? ಹುಡುಗ ಇನ್ನೂ ನಡೆಯುತ್ತಿದ್ದಾನೆ, ಸ್ವಲ್ಪ ಕಾಯಬಹುದಲ್ಲ ಎಂದು ಭಾವನ ಮನೆಯವರು ಹೇಳುತ್ತಿದ್ದಾರೆ. ಅಂಗಡಿಯಲ್ಲಿ ಸಿಗುವ ಯೀಸ್ಟ್ ಮಾತ್ರೆ ಕೊಡಿ, ಅದರಲ್ಲೂ ಕಿಣ್ವ ಇರುತ್ತದೆ ಎಂದು ಇನ್ನೊಬ್ಬರು ತಂದುಕೊಟ್ಟಿದ್ದಾರೆ. ಅಕ್ಕ ನನ್ನ ಮಾತನ್ನು ನಂಬುತ್ತಾಳೆ. ಅವಳಿಗೆ ಏನು ಹೇಳಲಿ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಹೆತ್ತೂರಿನವನು:

ನನ್ನ ಊರು ಸಕಲೇಶಪುರ ತಾಲ್ಲೂಕಿನ ಹೆತ್ತೂರು. ಬೆಂಗಳೂರಿನ ಹೊರವಲಯದ ಔಷಧ ಕಾರ್ಖಾನೆಯೊಂದರಲ್ಲಿ ಪಿಕಿಯಾ ಎಂಬ ಯೀಸ್ಟ್ ಬೆಳೆಸುವ ವಿಭಾಗದಲ್ಲಿದ್ದೇನೆ. ನಾವು ತಯಾರಿಸುವುದು ಬೇರೆ ಪ್ರೋಟೀನು, ಪಾಂಪೆ ಔಷಧವಲ್ಲ. ಆದರೆ ನಿಮ್ಮ ಪ್ರಶ್ನೆ ನನ್ನ ದಿನನಿತ್ಯದ ಕೆಲಸಕ್ಕೆ ಹತ್ತಿರದ್ದು.

ಮೊದಲು ನೇರ ಉತ್ತರ: ಕಾಯಬೇಡಿ. ಕೋಶದೊಳಗಿನ ಲೈಸೋಸೋಮ್ ಎಂಬ ಚೀಲದಲ್ಲಿ ಕೆಲಸ ಮಾಡುವ ಇಂಥ ಕಿಣ್ವಗಳಲ್ಲಿ ಯೀಸ್ಟ್‌ನಲ್ಲಿ ತಯಾರಾದದ್ದು ಯಾವುದೂ ಈವರೆಗೆ ರೋಗಿಗಳ ಕೈಗೆ ಬಂದಿಲ್ಲ. ಯಾಕೆ ಬಂದಿಲ್ಲ ಎಂಬುದು ನಿಮ್ಮ ಅಕ್ಕನಿಗೂ ಅರ್ಥವಾಗಬೇಕು, ಆಗ ಮಾತ್ರ ಕಾಯುವ ಆಸೆ ಬಿಡುತ್ತದೆ. ಅದಕ್ಕೇ ಉದ್ದವಾಗಿ ಬರೆಯುತ್ತೇನೆ.

ಯೀಸ್ಟ್ ಬೆಳೆಸುವುದು ನಿಜಕ್ಕೂ ಸುಲಭ ಮತ್ತು ಅಗ್ಗ. ಪಿಕಿಯಾಕ್ಕೆ ಗ್ಲಿಸರಾಲ್, ಒಂದಿಷ್ಟು ಲವಣ, ಅಮೋನಿಯಾ, ಗಾಳಿ ಸಾಕು. ಗ್ಲಿಸರಾಲ್ ಮುಗಿದ ಕ್ಷಣದಲ್ಲಿ ಪರದೆಯ ಮೇಲೆ ಆಮ್ಲಜನಕದ ಗೆರೆ ಇದ್ದಕ್ಕಿದ್ದಂತೆ ಮೇಲಕ್ಕೆ ಚಿಮ್ಮುತ್ತದೆ. ತಿನ್ನಲು ಏನೂ ಉಳಿದಿಲ್ಲವೆಂದು ಯೀಸ್ಟ್ ಉಸಿರಾಟ ನಿಲ್ಲಿಸಿದ ಗುರುತು ಅದು. ಆಗ ಮೆಥನಾಲನ್ನು ಸಣ್ಣಗೆ ಬಿಡಲು ಶುರು ಮಾಡುತ್ತೇವೆ. ಮೆಥನಾಲ್ ಸಿಕ್ಕಿದೊಡನೆ ನಾವು ಸೇರಿಸಿಟ್ಟಿರುವ ಜೀನ್ ತೆರೆದುಕೊಂಡು, ಬೇಕಾದ ಪ್ರೋಟೀನು ಹೊರಗಿನ ದ್ರವಕ್ಕೆ ಬರಲಾರಂಭಿಸುತ್ತದೆ. ಶಾಖ ಎಷ್ಟು ಹುಟ್ಟುತ್ತದೆಂದರೆ ತಣ್ಣೀರಿನ ಕೊಳವೆ ಒಂದು ಗಳಿಗೆ ಕೈಕೊಟ್ಟರೂ ಇಡೀ ಬ್ಯಾಚ್ ಹೋಗುತ್ತದೆ. ಕೊನೆಯ ದಿನದ ಹೊತ್ತಿಗೆ ಟ್ಯಾಂಕಿನಲ್ಲಿ ದ್ರವಕ್ಕಿಂತ ಯೀಸ್ಟೇ ಮುಖ್ಯವೆನ್ನುವಷ್ಟು ಗಟ್ಟಿಯಾಗಿರುತ್ತದೆ. ಇಷ್ಟೆಲ್ಲ ನಾಲ್ಕೈದು ದಿನದ ಕೆಲಸ. ಹ್ಯಾಮ್ಸ್ಟರ್ ಕೋಶಗಳಾದರೆ ದಿನಕ್ಕೊಮ್ಮೆ ಇಮ್ಮಡಿಯಾಗುತ್ತವೆ, ಎರಡು ವಾರ ಕಾಯಬೇಕು, ಅವುಗಳ ಆಹಾರವೂ ದುಬಾರಿ. ಅವುಗಳಿಗೆ ವೈರಸ್ ತಗಲುವ ಅಪಾಯವೂ ಇದೆ. 2009ರಲ್ಲಿ ಅಮೆರಿಕದ ಬಾಸ್ಟನ್‌ನ ಆಲ್‌ಸ್ಟನ್ ಕಾರ್ಖಾನೆಯಲ್ಲಿ ಹ್ಯಾಮ್ಸ್ಟರ್ ಕೋಶಗಳ ಟ್ಯಾಂಕಿಗೆ ವೆಸಿವೈರಸ್ ಸೇರಿ, ಪಾಂಪೆಯಂತೆಯೇ ಕಿಣ್ವದ ಕೊರತೆಯ ಕಾಯಿಲೆಗಳಾದ ಗೋಷೆ ಮತ್ತು ಫ್ಯಾಬ್ರಿ ರೋಗಿಗಳ ಔಷಧಕ್ಕೆ ಜಗತ್ತಿನಾದ್ಯಂತ ಕೊರತೆಯಾಯಿತು. ಅಂಥ ವೈರಸ್ ಯೀಸ್ಟ್‌ನಲ್ಲಿ ಬೆಳೆಯುವುದೇ ಇಲ್ಲ. ಯೀಸ್ಟ್ ಕಡೆಗೆ ವಿಜ್ಞಾನಿಗಳು ಮತ್ತೆ ಮತ್ತೆ ಬರುವುದು ಸುಮ್ಮನೆ ಅಲ್ಲ.

ತೊಡಕು ಇರುವುದು ಸಕ್ಕರೆಯಲ್ಲಿ. ಇನ್ಸುಲಿನ್ ಎಂದರೆ ಬರೀ 51 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಅದರ ಮೇಲೆ ಸಕ್ಕರೆಯ ಸರಪಳಿ ಇಲ್ಲ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಪಿಕಿಯಾದಿಂದ ಇನ್ಸುಲಿನ್ ತಂದಾಗ, ಅದಕ್ಕೂ ಮೊದಲು 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಯೀಸ್ಟ್‌ನಿಂದ ಹೆಪಟೈಟಿಸ್ ಬಿ ಲಸಿಕೆ ತಂದಾಗ, ಈ ಸಕ್ಕರೆಯ ತಲೆನೋವು ಇರಲಿಲ್ಲ. ನಿಮ್ಮ ಹುಡುಗನಿಗೆ ಬೇಕಾದ ಕಿಣ್ವ 952 ಅಮೈನೋ ಆಮ್ಲಗಳಷ್ಟು ಉದ್ದ, ಅದರ ಮೇಲೆ ಏಳು ಕಡೆ ಸಕ್ಕರೆಯ ಸರಪಳಿಗಳು ಕೂರುತ್ತವೆ. ರಕ್ತಕ್ಕೆ ಬಿಟ್ಟ ಕಿಣ್ವ ಸ್ನಾಯುಕೋಶದ ಒಳಗೆ, ಅಲ್ಲಿನ ಲೈಸೋಸೋಮ್ ಎಂಬ ಚೀಲದವರೆಗೆ ತಲುಪುವುದೋ ಇಲ್ಲವೋ ಎಂಬುದನ್ನು ಆ ಸರಪಳಿಗಳೇ ತೀರ್ಮಾನಿಸುತ್ತವೆ.

ಇದು ತಿಳಿದುಬಂದ ಬಗೆಯೂ ಚೆಂದ. 1968ರಲ್ಲಿ ಎಲಿಜಬೆತ್ ನ್ಯೂಫೆಲ್ಡ್ ಅವರ ಪ್ರಯೋಗಾಲಯದಲ್ಲಿ ಹರ್ಲರ್ ಮತ್ತು ಹಂಟರ್ ಎಂಬ ಎರಡು ಬೇರೆ ಬೇರೆ ಕಾಯಿಲೆಗಳ ರೋಗಿಗಳ ಚರ್ಮಕೋಶಗಳನ್ನು ಒಟ್ಟಿಗೆ ಬೆಳೆಸಿದಾಗ ಎರಡೂ ಸರಿಹೋದವು. ಒಂದರಲ್ಲಿ ಇಲ್ಲದ ಕಿಣ್ವ ಇನ್ನೊಂದರಿಂದ ಹೊರಬಂದು ಇದರೊಳಗೆ ಸೇರುತ್ತಿತ್ತು. ಹೊರಗಿನಿಂದ ಕಿಣ್ವ ಕೊಟ್ಟು ಗುಣಪಡಿಸಬಹುದು ಎಂಬ ಇಡೀ ಚಿಕಿತ್ಸೆ ನಿಂತಿರುವುದು ಅದರ ಮೇಲೆ. ಕೋಶ ಆ ಕಿಣ್ವವನ್ನು ಗುರುತಿಸುವುದು ಸರಪಳಿಯಲ್ಲಿರುವ ಫಾಸ್ಫೇಟ್ ಸೇರಿದ ಸಕ್ಕರೆಯಿಂದ ಎಂದು 1977ರಲ್ಲಿ ವಿಲಿಯಂ ಸ್ಲೈ ಮತ್ತು ಸಂಗಡಿಗರು ತೋರಿಸಿದರು. ಮ್ಯಾನೋಸ್ 6 ಫಾಸ್ಫೇಟ್ ಎಂಬುದು ಅದರ ಹೆಸರು. ಮ್ಯಾನೋಸ್ ಎಂದರೆ ಒಂದು ಬಗೆಯ ಸಕ್ಕರೆ.

ಯೀಸ್ಟ್ ಕೂಡ ಮ್ಯಾನೋಸ್ ಸೇರಿಸುತ್ತದೆ, ಆದರೆ ಮಿತಿಯಿಲ್ಲದೆ ಸೇರಿಸುತ್ತದೆ. ನಮ್ಮ ಸರಪಳಿಯಲ್ಲಿ ಹತ್ತರೊಳಗೆ ಮ್ಯಾನೋಸ್ ಇದ್ದರೆ, ಬ್ರೆಡ್ಡಿನ ಯೀಸ್ಟ್ ಐವತ್ತನ್ನೂ ದಾಟಿಸಿ ಪೋಣಿಸುತ್ತದೆ. ಅಂಥ ಪ್ರೋಟೀನನ್ನು ರಕ್ತಕ್ಕೆ ಬಿಟ್ಟರೆ ಯಕೃತ್ತು ಕ್ಷಣದಲ್ಲಿ ಎಳೆದುಕೊಳ್ಳುತ್ತದೆ, ದೇಹದ ರಕ್ಷಣಾ ವ್ಯವಸ್ಥೆಯೂ ಶತ್ರುವೆಂದು ತಿಳಿಯುತ್ತದೆ. ಹಾಗಾಗಿ ಮೊದಲು ಓಸಿಎಚ್1 ಎಂಬ ಜೀನನ್ನು ಕಿತ್ತುಹಾಕುತ್ತಾರೆ. ಆಗ ಉದ್ದನೆಯ ಸರಪಳಿ ಶುರುವಾಗುವುದೇ ಇಲ್ಲ. ಆದರೆ ಯೀಸ್ಟ್‌ನಲ್ಲಿ ಒಂದು ಒಳ್ಳೆಯ ಗುಣವೂ ಇದೆ. ಅದು ತಾನಾಗಿಯೇ ಮ್ಯಾನೋಸ್‌ಗೆ ಫಾಸ್ಫೇಟ್ ಅಂಟಿಸುತ್ತದೆ. ನಮಗೆ ಬೇಕಾದದ್ದು ಅದೇ ಫಾಸ್ಫೇಟ್! ತೊಂದರೆ ಏನೆಂದರೆ, ಆ ಫಾಸ್ಫೇಟ್‌ನ ಮೇಲೆ ಇನ್ನೊಂದು ಮ್ಯಾನೋಸ್ ಕೂತಿರುತ್ತದೆ. ನಿಮ್ಮ ಪಾರ್ಚ್‌ಮೆಂಟ್ ಕಾಫಿಯನ್ನೇ ನೆನೆಸಿಕೊಳ್ಳಿ: ಬೀಜ ಒಳಗೆ ಚೆನ್ನಾಗಿಯೇ ಇದೆ, ಆದರೆ ಹಾಸನದ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿ ಸಿಪ್ಪೆ ಬಿಡಿಸಿಕೊಂಡು ಬರುವವರೆಗೆ ಹುರಿಯುವವನಿಗೆ ಅದು ಪ್ರಯೋಜನವಿಲ್ಲ. ಮನುಷ್ಯನ ಕೋಶದಲ್ಲಿ ಇಂಥ ಹೊದಿಕೆ ತೆಗೆಯಲೆಂದೇ ಒಂದು ಕಿಣ್ವವಿದೆ. ಯೀಸ್ಟ್‌ನಲ್ಲಿ ಇಲ್ಲ.

ಜಪಾನಿನ ಯಾಸುನೋರಿ ಚಿಬಾ ಮತ್ತು ಯೋಶಿಫುಮಿ ಜಿಗಾಮಿ ತಂಡ 2002ರಲ್ಲಿ ಫ್ಯಾಬ್ರಿ ಕಾಯಿಲೆಯ ಕಿಣ್ವವನ್ನು ಬ್ರೆಡ್ಡಿನ ಯೀಸ್ಟ್‌ನಲ್ಲಿ ತಯಾರಿಸಿ, ಬ್ಯಾಕ್ಟೀರಿಯಾದ ಕಿಣ್ವವೊಂದರಿಂದ ಈ ಹೊದಿಕೆ ತೆಗೆದು ತೋರಿಸಿತು. ನೀವು ಓದಿರುವುದು ಗೆಂಟ್ ನಗರದ ನಿಕೊ ಕಾಲೆವಾರ್ಟ್ ತಂಡದ ಕೆಲಸ. ಅವರು ಆರಿಸಿಕೊಂಡದ್ದು ಯಾರೋವಿಯಾ ಲಿಪೊಲಿಟಿಕಾ ಎಂಬ ಬೇರೆ ಯೀಸ್ಟ್. ಸೆಲ್ಯುಲೋಸಿಮೈಕ್ರೋಬಿಯಂ ಎಂಬ ಬ್ಯಾಕ್ಟೀರಿಯಾದಿಂದ ಹೊದಿಕೆ ತೆಗೆಯುವ ಕಿಣ್ವವನ್ನು ಹುಡುಕಿ, ಅದರ ರಚನೆಯನ್ನು ಬಿಡಿಸಿ, ಫಾಸ್ಫೇಟ್ ತುಂಬಿದ ಪಾಂಪೆ ಕಿಣ್ವವನ್ನು ತಯಾರಿಸಿದರು. ಅದು ಆಗಿನ ಔಷಧಕ್ಕಿಂತ ಚೆನ್ನಾಗಿ ಪಾಂಪೆ ರೋಗಿಗಳ ಚರ್ಮಕೋಶಗಳೊಳಗೆ ಹೋಯಿತು. ಕಾಯಿಲೆ ಇರುವ ಇಲಿಗಳ ಹೃದಯದಲ್ಲಿ ಸಂಗ್ರಹವಾಗಿದ್ದ ಗ್ಲೈಕೋಜೆನ್ನನ್ನು ಹೆಚ್ಚು ಇಳಿಸಿತು. ಅದನ್ನು ಓದಿದ ದಿನ ನನಗೆ ಆದ ಸಂತೋಷ ಇನ್ನೂ ನೆನಪಿದೆ. ನಾವು ಟ್ಯಾಂಕುಗಳಲ್ಲಿ ಬೆಳೆಸುವ ಈ ಜೀವಿ ಇಂಥ ಸೂಕ್ಷ್ಮ ಕೆಲಸವನ್ನೂ ಕಲಿಯಬಲ್ಲದು ಎಂಬುದು ಸಣ್ಣ ಮಾತಲ್ಲ.

ಆದರೆ ಚರ್ಮಕೋಶ ಮತ್ತು ಇಲಿಯಿಂದ ಮಗುವಿನವರೆಗೆ ದಾರಿ ದೂರ. ಅಷ್ಟರಲ್ಲಿ ಹ್ಯಾಮ್ಸ್ಟರ್ ಕೋಶದವರೂ ಸುಮ್ಮನೆ ಕೂರಲಿಲ್ಲ. 2006ರಲ್ಲಿ ಬಂದ ಪಾಂಪೆ ಔಷಧ ಆಲ್‌ಗ್ಲುಕೋಸಿಡೇಸ್‌ನಲ್ಲಿ ಈ ಫಾಸ್ಫೇಟ್ ಗುರುತು ಬಹಳ ಕಡಿಮೆ. 2021ರಲ್ಲಿ ಬಂದ ಅವಾಲ್‌ಗ್ಲುಕೋಸಿಡೇಸ್‌ನಲ್ಲಿ ರಾಸಾಯನಿಕ ವಿಧಾನದಿಂದ ಆ ಗುರುತನ್ನು ಸುಮಾರು ಹದಿನೈದು ಪಟ್ಟು ಹೆಚ್ಚಿಸಿದ್ದಾರೆ. ಯೀಸ್ಟ್ ಯಾವ ಜಾಗದಲ್ಲಿ ಗೆಲ್ಲಬೇಕಿತ್ತೋ ಅದೇ ಜಾಗವನ್ನು ಹಳೆಯ ದಾರಿಯವರೇ ತುಂಬಿಬಿಟ್ಟರು.

ಇನ್ನು ಬೆಲೆ. ಆಲ್‌ಗ್ಲುಕೋಸಿಡೇಸ್‌ನ ಪ್ರಮಾಣ ಕೆ.ಜಿ. ತೂಕಕ್ಕೆ 20 ಮಿಲಿಗ್ರಾಂ. ನಿಮ್ಮ ಹುಡುಗನಿಗೆ ಒಂದು ಸಲಕ್ಕೆ 440 ಮಿಲಿಗ್ರಾಂ, ಅಂದರೆ 50 ಮಿಲಿಗ್ರಾಮಿನ ಒಂಬತ್ತು ಸೀಸೆ. ವರ್ಷಕ್ಕೆ ಇಪ್ಪತ್ತಾರು ಸಲ ಲೆಕ್ಕ ಹಾಕಿದರೆ ಹನ್ನೊಂದೂವರೆ ಗ್ರಾಂ ಕೂಡ ಆಗುವುದಿಲ್ಲ. ನಮ್ಮಂಥ ಕಾರ್ಖಾನೆಯಲ್ಲಿ ಇನ್ಸುಲಿನ್ ಕಿಲೋ ಲೆಕ್ಕದಲ್ಲಿ ಹೊರಡುತ್ತದೆ. ಹನ್ನೊಂದು ಗ್ರಾಂ ಪ್ರೋಟೀನನ್ನು ಯಾವ ಕೋಶದಲ್ಲಿ ಬೆಳೆಸಿದರು ಎಂಬುದರಿಂದ ಆ ಬೆಲೆ ಬಂದಿಲ್ಲ. ರೋಗಿಗಳು ಬೆರಳೆಣಿಕೆಯಷ್ಟು, ಪ್ರಯೋಗಗಳ ಖರ್ಚು ಅದೇ ದೊಡ್ಡದು, ಮೇಲೆ ಅಮೆರಿಕದಲ್ಲಿ ಅಪರೂಪದ ಕಾಯಿಲೆಗಳ ಔಷಧಕ್ಕೆಂದೇ ಇರುವ 1983ರ ಅನಾಥ ಔಷಧ ಕಾಯ್ದೆಯಡಿ ಏಳು ವರ್ಷ, ಯುರೋಪಿನಲ್ಲಿ ಹತ್ತು ವರ್ಷ ಏಕಸ್ವಾಮ್ಯ. ಯೀಸ್ಟ್ ಬಂದರೂ ಈ ಮೂರೂ ಹಾಗೆಯೇ ಇರುತ್ತವೆ. ಲಸಿಕೆಯ ಬೆಲೆ ಇಳಿದದ್ದು ಕೋಟ್ಯಂತರ ಮಕ್ಕಳಿಗೆ ಅದು ಬೇಕಾಗಿದ್ದರಿಂದ. ನಾನು ಯೀಸ್ಟ್ ಬೆಳೆಸುವವನಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಮಕ್ಕಳ ವೈದ್ಯೆ, ಚಿಕ್ಕಮಗಳೂರು:

ಹೆತ್ತೂರಿನವರು ಬರೆದದ್ದಕ್ಕೆ ವೈದ್ಯಕೀಯ ಭಾಗವನ್ನಷ್ಟೇ ಸೇರಿಸುತ್ತೇನೆ. ಹುಡುಗನನ್ನು ನೋಡದೆ ಚಿಕಿತ್ಸೆಯ ತೀರ್ಮಾನ ಹೇಳಲಾರೆ. ಆದರೆ "ನಡೆಯುತ್ತಿದ್ದಾನಲ್ಲ, ಕಾಯೋಣ" ಎಂಬ ಮಾತನ್ನು ದಯವಿಟ್ಟು ಮನೆಯಲ್ಲಿ ನಿಲ್ಲಿಸಿ. ಗ್ಲೈಕೋಜೆನ್ ತುಂಬಿ ಒಡೆದುಹೋದ ಸ್ನಾಯುವಿನ ಜಾಗದಲ್ಲಿ ಕೊಬ್ಬು ಮತ್ತು ನಾರು ಸೇರಿಕೊಳ್ಳುತ್ತವೆ. ಆ ಜಾಗಕ್ಕೆ ಎಷ್ಟು ಒಳ್ಳೆಯ ಕಿಣ್ವ ಕೊಟ್ಟರೂ ಸ್ನಾಯು ಮರಳಿ ಬರುವುದಿಲ್ಲ. ಚಿಕಿತ್ಸೆ ಉಳಿಸುವುದು ಇನ್ನೂ ಉಳಿದಿರುವ ಸ್ನಾಯುವನ್ನು.

ಕಾಲಿಗಿಂತ ನನಗೆ ಅವನ ಉಸಿರಾಟದ ಚಿಂತೆ. ಈ ಕಾಯಿಲೆಯಲ್ಲಿ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು, ಬೇಗ ಸೋಲುತ್ತದೆ, ಕೆಲವರಲ್ಲಿ ನಡಿಗೆ ಚೆನ್ನಾಗಿರುವಾಗಲೇ ಸೋಲುತ್ತದೆ. ಬೆಳಿಗ್ಗೆ ಎದ್ದಾಗ ತಲೆನೋವು ಎನ್ನುತ್ತಾನೆಯೇ? ತರಗತಿಯಲ್ಲಿ ತೂಕಡಿಸುತ್ತಾನೆಯೇ? ಅಂಗಾತ ಮಲಗಲು ಒಲ್ಲೆ ಎನ್ನುತ್ತಾನೆಯೇ? ಶ್ವಾಸಕೋಶದ ಪರೀಕ್ಷೆಯನ್ನು ಕುಳಿತು ಒಮ್ಮೆ, ಮಲಗಿ ಒಮ್ಮೆ ಮಾಡಿಸಿ. ಮಲಗಿದಾಗ ಅಂಕಿ ಬಹಳ ಇಳಿದರೆ ವಪೆ ದುರ್ಬಲವಾಗಿದೆ ಎಂದರ್ಥ. ಇದಕ್ಕೆ ಯಾವ ದುಬಾರಿ ಔಷಧವೂ ಬೇಕಿಲ್ಲ. ಈ ವಾರವೇ ಮಾಡಿಸಬಹುದು.

ಹಣದ ವಿಷಯ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಪಾಂಪೆ ಮೂರನೆಯ ಗುಂಪಿನಲ್ಲಿದೆ, ಅಂದರೆ ಚಿಕಿತ್ಸೆ ಇದ್ದರೂ ವೆಚ್ಚ ತೀರಾ ಹೆಚ್ಚಿರುವ ಕಾಯಿಲೆಗಳ ಸಾಲಿನಲ್ಲಿ. 2022ರ ತಿದ್ದುಪಡಿಯ ನಂತರ, ಉತ್ಕೃಷ್ಟತಾ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುವ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ನಮ್ಮ ರಾಜ್ಯದಲ್ಲಿ ಆ ಕೇಂದ್ರ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಮಾನವ ಆನುವಂಶಿಕ ಕೇಂದ್ರ ಸೇರಿ ನಡೆಸುವಂಥದ್ದು. ಮೊದಲು ಅಲ್ಲಿ ಹೆಸರು ನೋಂದಾಯಿಸಬೇಕು. ಒಂದು ಮಾತನ್ನು ಗಮನಿಸಿ: ಆ ನೀತಿಯೇ ಪಾಂಪೆಯನ್ನು ಸೇರಿಸುವಾಗ, ತೊಡಕುಗಳು ಶುರುವಾಗುವ ಮೊದಲೇ ಪತ್ತೆಯಾದವರು ಎಂಬ ಷರತ್ತನ್ನು ಹಾಕಿದೆ. ಕಾದಷ್ಟೂ ಹುಡುಗ ಆ ಸಾಲಿನಿಂದ ಹೊರಗೆ ಹೋಗುತ್ತಾನೆ. ಐವತ್ತು ಲಕ್ಷ ಜೀವನಪೂರ್ತಿ ಸಾಲುವುದಿಲ್ಲ, ಅದು ನನಗೂ ಗೊತ್ತು. ಹಾಗೆಂದು ಆರಂಭಿಸದೆ ಇರುವುದು ಸರಿಯಲ್ಲ. ಈ ಔಷಧಗಳನ್ನು ರೋಗಿಗಳು ಸ್ವಂತಕ್ಕೆ ತರಿಸಿಕೊಂಡರೆ 2023ರ ಏಪ್ರಿಲ್‌ನಿಂದ ಮೂಲ ಆಮದು ಸುಂಕ ಇಲ್ಲ ಎಂಬುದೂ ನೆನಪಿರಲಿ.

ಯೀಸ್ಟ್ ಮಾತ್ರೆಯನ್ನು ಕೊಡಬೇಡಿ. ಬಾಯಿಯಿಂದ ಕೊಟ್ಟ ಕಿಣ್ವ ಹೊಟ್ಟೆಯಲ್ಲಿ ಬೇರೆ ಪ್ರೋಟೀನಿನಂತೆಯೇ ಜೀರ್ಣವಾಗುತ್ತದೆ, ತೊಡೆಯ ಸ್ನಾಯುವಿಗೆ ತಲುಪುವುದಿಲ್ಲ. ಆದರೂ ತಂದುಕೊಟ್ಟವರನ್ನು ಬೈಯಬೇಡಿ. ಯೀಸ್ಟ್‌ನ ಕಿಣ್ವವನ್ನು ಬಾಯಿಯಿಂದಲೇ ಕೊಡುವ ಆನುವಂಶಿಕ ಕಾಯಿಲೆ ನಿಜವಾಗಿಯೂ ಒಂದಿದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಸಣ್ಣ ಕರುಳಿನಲ್ಲಿ ಸುಕ್ರೇಸ್ ಇರುವುದಿಲ್ಲ. ಸಕ್ಕರೆ, ಬೆಲ್ಲ, ಬಾಳೆಹಣ್ಣು ತಿಂದರೆ ಹೊಟ್ಟೆ ಉಬ್ಬಿ ಭೇದಿಯಾಗುತ್ತದೆ. ಅವರಿಗಾಗಿ ಬ್ರೆಡ್ಡಿನ ಯೀಸ್ಟ್‌ನಿಂದಲೇ ತೆಗೆದ ಸ್ಯಾಕ್ರೋಸಿಡೇಸ್ ಎಂಬ ದ್ರಾವಣಕ್ಕೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಊಟದ ಜೊತೆ ಕುಡಿಯಬೇಕು, ಬಿಸಿ ಮಾಡಬಾರದು, ಹಣ್ಣಿನ ರಸದಲ್ಲಿ ಬೆರೆಸಬಾರದು. ಅದು ಫಲಿಸುವುದು ಅದರ ಕೆಲಸ ಕರುಳಿನಲ್ಲೇ ಮುಗಿಯುವುದರಿಂದ. ಅದು ಯಾವ ಕೋಶದೊಳಗೂ ಹೋಗಬೇಕಾಗಿಲ್ಲ. ಯೀಸ್ಟ್‌ನಲ್ಲಿ ತಯಾರಾಗುವ ಇನ್ನೊಂದು ಕಿಣ್ವ ರಾಸ್ಬುರಿಕೇಸ್. ರಕ್ತದ ಕ್ಯಾನ್ಸರ್ ಮಕ್ಕಳಲ್ಲಿ ಚಿಕಿತ್ಸೆ ಶುರುವಾದೊಡನೆ ಯೂರಿಕ್ ಆಮ್ಲ ಏರಿ ಮೂತ್ರಪಿಂಡ ಕೆಡದಂತೆ ಅದನ್ನು ರಕ್ತನಾಳಕ್ಕೆ ಕೊಡುತ್ತೇವೆ. ಅದೂ ರಕ್ತದಲ್ಲೇ ಕೆಲಸ ಮಾಡುತ್ತದೆ. ಇವೆರಡನ್ನೂ ನೋಡಿದರೆ ಹೆತ್ತೂರಿನವರು ಹೇಳಿದ ಸಕ್ಕರೆಯ ಮಾತು ಎಷ್ಟು ದೊಡ್ಡದು ಎಂಬುದು ತಿಳಿಯುತ್ತದೆ.

ಅರಸೀಕೆರೆ ಅಮ್ಮ:

ನಮ್ಮ ಮಗಳಿಗೆ ಗೋಷೆ ಕಾಯಿಲೆ, ಮೊದಲನೆಯ ಬಗೆ. ಗುಲ್ಮ ಎಷ್ಟು ಊದಿತ್ತೆಂದರೆ ಸಮವಸ್ತ್ರದ ಲಂಗದ ಹುಕ್ಕು ಹಾಕಲು ಆಗುತ್ತಿರಲಿಲ್ಲ, ಸದಾ ಸುಸ್ತು, ಮೂಗಿನಲ್ಲಿ ರಕ್ತ. ಕಿಣ್ವ ಶುರುವಾದ ಮೇಲೆ ಹೊಟ್ಟೆ ಇಳಿಯಿತು, ಹಿಮೋಗ್ಲೋಬಿನ್ ಏರಿತು, ಈಗ ಶಾಲೆಗೆ ಸೈಕಲ್ಲಿನಲ್ಲಿ ಹೋಗುತ್ತಾಳೆ. ನಿಮ್ಮ ಅಕ್ಕನಿಗೆ ಇದನ್ನು ಓದಿ ಹೇಳಿ. ಕಾಯಿಲೆ ಬೇರೆಯೇ ಇರಬಹುದು, ಡ್ರಿಪ್ ಕೋಣೆಯಲ್ಲಿ ಕೂರುವ ತಾಯಂದಿರ ಕಥೆ ಒಂದೇ.

ಕೆಲವು ಸಣ್ಣ ವಿಷಯಗಳು, ಯಾರೂ ಮೊದಲೇ ಹೇಳುವುದಿಲ್ಲ. ಕಡತವನ್ನು ಎರಡು ಪ್ರತಿ ಇಟ್ಟುಕೊಳ್ಳಿ. ಸೀಸೆಯನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು, ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗುವ ಮನೆಯ ಫ್ರಿಜ್ಜನ್ನು ನಂಬಬೇಡಿ, ಆಸ್ಪತ್ರೆಯಲ್ಲೇ ಇರಲಿ. ಪ್ರತಿ ಸಲ ತೂಕ ನೋಡಿಸಿ. ಮಗು ಬೆಳೆದಂತೆ ಪ್ರಮಾಣ ಬದಲಾಗುತ್ತದೆ.

ನನ್ನದೂ ಒಂದು ಪ್ರಶ್ನೆ ಇದೆ. ಗೋಷೆಗೆ ಕ್ಯಾರೆಟ್ ಕೋಶದಲ್ಲಿ ತಯಾರಿಸಿದ ಔಷಧ ಇದೆ ಎಂದು ಓದಿದೆ. ನಮ್ಮ ಕಾಯಿಲೆಗೆ ಫಾಸ್ಫೇಟ್ ಬೇಕಿಲ್ಲ, ಬರೀ ಮ್ಯಾನೋಸ್ ಸಾಕು ಎಂದು ವೈದ್ಯರು ಹೇಳಿದ್ದರು. ಯೀಸ್ಟ್‌ನಲ್ಲಿ ಮ್ಯಾನೋಸ್ ಬೇಕಾದಷ್ಟಿದೆ ಎಂದು ಹೆತ್ತೂರಿನವರೇ ಬರೆದಿದ್ದಾರೆ. ಹಾಗಾದರೆ ಯೀಸ್ಟ್ ಬಿಟ್ಟು ಕ್ಯಾರೆಟ್ ಯಾಕೆ?

ಹೆತ್ತೂರಿನವನು:

ಅಮ್ಮ, ಇದನ್ನು ನಮ್ಮ ವಿಭಾಗದಲ್ಲಿ ಹೊಸದಾಗಿ ಸೇರಿದವರಿಗೆ ಕೇಳಿಸಬೇಕು, ಅಷ್ಟು ಒಳ್ಳೆಯ ಪ್ರಶ್ನೆ. ಗೋಷೆಯಲ್ಲಿ ಕಿಣ್ವ ತಲುಪಬೇಕಾದದ್ದು ಮ್ಯಾಕ್ರೋಫೇಜ್ ಎಂಬ ಕೋಶಗಳಿಗೆ. ಅವು ಮ್ಯಾನೋಸನ್ನು ಗುರುತಿಸಿ ಒಳಗೆಳೆದುಕೊಳ್ಳುತ್ತವೆ. ರೋಸ್ಕೋ ಬ್ರೇಡಿ ಈ ಕಾಯಿಲೆಯಲ್ಲಿ ಯಾವ ಕಿಣ್ವ ಇಲ್ಲ ಎಂದು 1965ರಲ್ಲಿ ಕಂಡುಹಿಡಿದರು. 1991ರಲ್ಲಿ ಬಂದ ಮೊದಲ ಔಷಧವನ್ನು ಹೆರಿಗೆಯ ನಂತರ ಸಿಗುವ ಮಾಸುಗಳಿಂದ ತೆಗೆಯುತ್ತಿದ್ದರು, ಸಾವಿರಾರು ಮಾಸು ಬೇಕಾಗುತ್ತಿತ್ತು. ಅದರ ಮೇಲಿನ ಸರಪಳಿಯ ತುದಿಯ ಸಕ್ಕರೆಗಳನ್ನು ಒಂದೊಂದಾಗಿ ಕತ್ತರಿಸಿ ಮ್ಯಾನೋಸ್ ಕಾಣುವಂತೆ ಮಾಡುತ್ತಿದ್ದರು. 1994ರಲ್ಲಿ ಹ್ಯಾಮ್ಸ್ಟರ್ ಕೋಶದ ಔಷಧ ಬಂದ ಮೇಲೂ ಈ ಕತ್ತರಿಸುವ ಕೆಲಸ ಉಳಿಯಿತು. ಕ್ಯಾರೆಟ್ ಕೋಶದಲ್ಲಿ ಕಿಣ್ವವನ್ನು ರಸಧಾನಿ ಎಂಬ ಒಳಚೀಲಕ್ಕೆ ಕಳುಹಿಸಿದರೆ ತುದಿಯಲ್ಲಿ ಮ್ಯಾನೋಸ್ ಇರುವ ಗಿಡ್ಡ ಸರಪಳಿ ತಾನಾಗಿಯೇ ಸಿಗುತ್ತದೆ. 2012ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟಾಲಿಗ್ಲುಸೆರೇಸ್ ಅದೇ.

ಯೀಸ್ಟ್‌ನ ಸರಪಳಿಯಲ್ಲಿ ಮ್ಯಾನೋಸ್ ಇದೆ, ಆದರೆ ಗಿಡ್ಡ ಅಲ್ಲ. ಜೊತೆಗೆ ಬ್ರೆಡ್ಡಿನ ಯೀಸ್ಟ್ ಮ್ಯಾನೋಸನ್ನು ಮನುಷ್ಯರಲ್ಲಿ ಇಲ್ಲದ ಕೊಂಡಿಯಿಂದಲೂ ಜೋಡಿಸುತ್ತದೆ, ಪ್ರತಿಕಾಯಗಳು ಏಳುವುದು ಅದರಿಂದ. ಅದನ್ನೆಲ್ಲ ಜೀನ್ ತೆಗೆದು ಸರಿಪಡಿಸಬಹುದು ಎಂದಿಟ್ಟುಕೊಳ್ಳಿ. ಆಮೇಲೂ ಗೋಷೆಯ ಕಿಣ್ವಕ್ಕೆ ಪೊರೆಗೆ ಅಂಟಿಕೊಳ್ಳುವ ಸ್ವಭಾವ ಇದೆ, ಯೀಸ್ಟ್‌ನಿಂದ ಸರಿಯಾಗಿ ಮಡಚಿಕೊಂಡು ಹೊರಬರುವುದು ಕಷ್ಟ. ಹೊರಬಂದರೂ ಯೀಸ್ಟ್‌ನದೇ ಪ್ರೋಟಿಯೇಸ್‌ಗಳು ಕತ್ತರಿಸಲು ಕಾದಿರುತ್ತವೆ. ನಮ್ಮ ಟ್ಯಾಂಕಿನಲ್ಲೂ ನಾಲ್ಕನೆಯ ದಿನ ತೆಗೆದ ಮಾದರಿಯ ಪರೀಕ್ಷೆಯಲ್ಲಿ ಪ್ರೋಟೀನಿನ ಒಂದು ದಪ್ಪ ಗೆರೆ ಇದ್ದದ್ದು ಐದನೆಯ ದಿನ ಮೂರು ತೆಳು ಗೆರೆಗಳಾಗಿ ಒಡೆದಿರುವುದನ್ನು ನೋಡುತ್ತಿರುತ್ತೇವೆ. ಒಂದೊಂದು ಕಿಣ್ವಕ್ಕೂ ಒಂದೊಂದು ಜೀವಿ ಒಗ್ಗುತ್ತದೆ. ಯೀಸ್ಟ್ ಒಂದರಿಂದಲೇ ಎಲ್ಲ ಆಗಬೇಕೆಂದು ಹಟ ಹಿಡಿಯುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಗೋಣಿಬೀಡು ರೈಟರ್:

ಎಲ್ಲರಿಗೂ ಕೈಮುಗಿಯುತ್ತೇನೆ. ಅಕ್ಕನಿಗೂ ಭಾವನಿಗೂ ಕೂರಿಸಿ ಓದಿ ಹೇಳಿದೆ. ಹನ್ನೊಂದೂವರೆ ಗ್ರಾಂ ಲೆಕ್ಕ ಕೇಳಿದ ಭಾವ ಕಾಗದ ತೆಗೆದುಕೊಂಡು ತಾವೇ ಇನ್ನೊಮ್ಮೆ ಗುಣಿಸಿ ನೋಡಿದರು. ಬರುವ ಸೋಮವಾರ ಬೆಂಗಳೂರಿಗೆ ಹೋಗುತ್ತಿದ್ದಾರೆ. ಹುಡುಗ ಬೆಳಿಗ್ಗೆ ತಲೆನೋವು ಎನ್ನುವುದು ನಿಜ. ಶಾಲೆಗೆ ಹೋಗದಿರಲು ನೆಪ ಎಂದುಕೊಂಡಿದ್ದರು.

ವೈದ್ಯರಲ್ಲಿ ಎರಡು ವಿಷಯ ಕೇಳಬೇಕು. ಹುಡುಗನಿಗೆ ನಾಲ್ಕು ವರ್ಷದ ತಂಗಿ ಇದ್ದಾಳೆ, ಓಡಾಡಿಕೊಂಡು ಚೆನ್ನಾಗಿದ್ದಾಳೆ. ಅವಳಿಗೂ ಪರೀಕ್ಷೆ ಬೇಕೇ? ಇನ್ನೊಂದು ನನ್ನ ವಿಷಯ. ಭಾವನ ತಂಗಿಯನ್ನು ನನಗೆ ತಂದುಕೊಳ್ಳುವುದೆಂದು ಎರಡೂ ಮನೆಯ ಹಿರಿಯರು ಮೊದಲಿನಿಂದ ಮಾತನಾಡಿಕೊಂಡಿದ್ದಾರೆ. ನಮ್ಮಿಬ್ಬರಿಗೂ ಒಪ್ಪಿಗೆ ಇದೆ. ಈಗ ಯಾರೂ ಆ ಮಾತು ಎತ್ತುತ್ತಿಲ್ಲ.

ಮಕ್ಕಳ ವೈದ್ಯೆ, ಚಿಕ್ಕಮಗಳೂರು:

ಬೆಳಗಿನ ತಲೆನೋವಿನ ವಿಷಯವನ್ನು ಸೋಮವಾರ ಅಲ್ಲಿ ಮೊದಲ ಮಾತಾಗಿ ಹೇಳಿ. ರಾತ್ರಿ ನಿದ್ದೆಯಲ್ಲಿ ಉಸಿರಾಟ ಹೇಗಿದೆ ಎಂದು ನೋಡುವ ಪರೀಕ್ಷೆ ಬೇಕಾಗಬಹುದು.

ತಂಗಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ತಂದೆತಾಯಿ ಇಬ್ಬರೂ ವಾಹಕರಾದಾಗ, ಅಂದರೆ ತಮಗೆ ಕಾಯಿಲೆ ಇಲ್ಲದೆ ಕೆಟ್ಟ ಜೀನಿನ ಒಂದು ಪ್ರತಿಯನ್ನು ಹೊತ್ತಿರುವಾಗ, ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಣ್ಣನಿಗೆ ಬಂತು, ಇವಳಿಗೆ ಬರುವುದಿಲ್ಲ ಎಂಬ ಲೆಕ್ಕ ನಡೆಯುವುದಿಲ್ಲ. ಓಡಾಡಿಕೊಂಡಿದ್ದಾಳೆ ಎಂಬುದಕ್ಕಾಗಿಯೇ ಈಗ ನೋಡಬೇಕು. ಅದೇ ಒಣ ರಕ್ತದ ಚುಕ್ಕೆ ಸಾಕು. ಅಕ್ಕ ಇನ್ನೊಂದು ಮಗುವಿನ ಯೋಚನೆಯಲ್ಲಿದ್ದರೆ ಗರ್ಭದ 11ರಿಂದ 13ನೇ ವಾರದಲ್ಲಿ ಪರೀಕ್ಷಿಸುವ ದಾರಿಯೂ ಇದೆ ಎಂದು ತಿಳಿಸಿ.

ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಮ್ಮ ಅಕ್ಕ ವಾಹಕಿ, ಭಾವ ವಾಹಕ, ಇದು ಖಚಿತ. ಹಾಗಾಗಿ ನೀವು ವಾಹಕರಾಗಿರುವ ಸಾಧ್ಯತೆ ಅರ್ಧ, ಆ ಹುಡುಗಿಗೂ ಅರ್ಧ. ಇಬ್ಬರೂ ಆಗಿದ್ದರೆ ಮಾತ್ರ ನಾಲ್ಕರಲ್ಲಿ ಒಂದು ಮಗುವಿಗೆ ಕಾಯಿಲೆ. ಇವತ್ತು ಏನೂ ಪರೀಕ್ಷೆ ಮಾಡಿಸದೆ ಲೆಕ್ಕ ಹಾಕಿದರೆ ಹದಿನಾರರಲ್ಲಿ ಒಂದು. ಇಬ್ಬರಲ್ಲಿ ಒಬ್ಬರು ವಾಹಕರಲ್ಲ ಎಂದು ತಿಳಿದರೆ ನಿಮ್ಮ ಕುಟುಂಬದ ಈ ಕಾಯಿಲೆಯ ಭಯವಿಲ್ಲದೆ ಮದುವೆಯಾಗಬಹುದು. ಇಬ್ಬರೂ ವಾಹಕರೆಂದು ಬಂದರೆ ಆನುವಂಶಿಕ ಸಲಹೆಗಾರರ ಜೊತೆ ಕುಳಿತು ಮಾತನಾಡಿ, ತೀರ್ಮಾನ ನಿಮ್ಮಿಬ್ಬರದೇ. ಹಿರಿಯರು ಮೌನವಾಗಿರುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹುಡುಗನ ಜೀನ್ ವರದಿಯ ಪ್ರತಿಯನ್ನು ತೆಗೆದುಕೊಂಡು ಹೋಗಿ. ತಂದೆತಾಯಿ ರಕ್ತಸಂಬಂಧಿಗಳಾದ್ದರಿಂದ ಎರಡೂ ಕಡೆಯಿಂದ ಬಂದಿರುವುದು ಬಹುಶಃ ಒಂದೇ ಬದಲಾವಣೆ. ಇಡೀ ಜೀನನ್ನು ಓದಿಸಬೇಕಾಗಿಲ್ಲ, ನಿಮ್ಮಿಬ್ಬರ ರಕ್ತದಲ್ಲಿ ಅದೊಂದನ್ನೇ ಹುಡುಕಿದರೆ ಸಾಕಾಗುತ್ತದೆ, ಖರ್ಚೂ ಕಡಿಮೆ.